ಗೋಡೆಯೊಳಗೆ ಹೂತ ಡಬ್ಬಿಗೆ ತೊಡಿಸಿದ ಮರದ ಬಳೆ

ವೈರಿಂಗ್ ಕೆಲಸಕ್ಕೆ ಹೊಸದಾಗಿ ಕೈ ಹಚ್ಚುತ್ತಿರುವ ಕಿರಿಯ ಮಿತ್ರರಲ್ಲಿ ಅರಿಕೆ.

ವಿಷಯ: ಗೋಡೆಯ ಡಬ್ಬಿಗಳನ್ನು ಮಟ್ಟಕ್ಕೆ ತರುವ ಸಾಮಾನಿನ ಹೆಸರುಗಳು, ಉಪಯೋಗಗಳು ಹಾಗೂ ಅದರಿಂದ ಉಂಟಾದ ಭಯದ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಸಬಯಸುವುದೇನೆಂದರೆ, ನಾನು ರಾಮನಗರದಲ್ಲಿ ಒಬ್ಬ ಗುತ್ತಿಗೆದಾರರ ಬಳಿ ವೈರ್‌ಮನ್ ಆಗಿ ಸೇರಿ, ಅದೇ ಕೆಲಸದಲ್ಲಿ ಕೂದಲು ನರೆಸಿಕೊಂಡು, ಈಗ ಮನೆಯಲ್ಲಿದ್ದೇನೆ. ಇದುವರೆಗೆ ನಾನು ಬರೆದಿರುವುದು ಸಂಪರ್ಕ ಕೋರುವ ಅರ್ಜಿಗಳನ್ನು ಮತ್ತು ಕೆಲಸ ಮುಗಿದ ವರದಿಗಳನ್ನು ಮಾತ್ರ. ಆ ಧಾಟಿ ಇಲ್ಲಿಯೂ ನುಸುಳಿದ್ದಲ್ಲಿ ಮನ್ನಿಸಬೇಕು. ನಾನು ಯಾವಾಗ ಮೇಸ್ತ್ರಿಯಾದೆ, ಯಾರು ಯಾವ ಶಾಲು ಹೊದಿಸಿದರು ಎಂಬುದರಿಂದ ತಮಗೆ ಉಪಯೋಗವಿಲ್ಲವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಮೊದಲಿಗೆ ಸಾಮಾನಿನ ಪರಿಚಯ. ಸ್ವಿಚ್ಚು ಅಥವಾ ಪ್ಲಗ್ಗು ಕೂರಿಸಲು ಗೋಡೆಯೊಳಗೆ ಹೂಳುವ ಕಬ್ಬಿಣದ ಡಬ್ಬಿಯ ಬಾಯಿ ಗೋಡೆಯ ಮೈಗೆ ಸಮವಾಗಿರತಕ್ಕದ್ದು. ಗಾರೆಯವನು ಒಂದು ಪದರ ಹೆಚ್ಚು ಬಳಿದರೆ, ಅಥವಾ ಮಾಲೀಕರು ಹಳೆಯ ಗೋಡೆಯ ಮೇಲೆ ಹೊಸ ಗಾರೆ ಮಾಡಿಸಿದರೆ, ಡಬ್ಬಿ ಬಾವಿಯ ಹಾಗೆ ಒಳಗೇ ಉಳಿದುಹೋಗುತ್ತದೆ. ಡಬ್ಬಿಯ ಬಾಯಿಗೂ ಸ್ವಿಚ್ಚಿನ ಬೆನ್ನಿಗೂ ನಡುವೆ ಒಂದು ಸಂದು ಬೀಳುತ್ತದೆ. ಆ ಸಂದಿನಲ್ಲಿ ಸಡಿಲ ತಂತಿಯೊಂದು ಕಿಡಿ ಹಾರಿಸಿದರೆ, ಅದನ್ನು ಸುತ್ತುವರಿದು ನಿಲ್ಲಿಸಲು ಅಲ್ಲಿ ಕಬ್ಬಿಣವಿರುವುದಿಲ್ಲ. ಆದ್ದರಿಂದ ಡಬ್ಬಿಯ ಬಾಯಿಗೆ ತಳವಿಲ್ಲದ ಇನ್ನೊಂದು ಉಂಗುರವನ್ನು ತೊಡಿಸಿ, ಸ್ಕ್ರೂ ಬಿಗಿದು, ಅದನ್ನು ಗೋಡೆಯ ಮಟ್ಟಕ್ಕೆ ತರಬೇಕು. ಇದೇ ಆ ಸಾಮಾನು.

ರಾಮನಗರದ ನಮ್ಮ ಜನ ಇದನ್ನು ‘ಕಾಲರ್’ ಎನ್ನುತ್ತಿದ್ದರು. ಅಂಗಿಯ ಕೊರಳಿನ ಮೇಲೆ ನಿಲ್ಲುವ ಪಟ್ಟಿಯ ಹಾಗೆ ಡಬ್ಬಿಯ ಕೊರಳ ಮೇಲೆ ನಿಲ್ಲುತ್ತದೆ ಎಂಬ ಅರ್ಥದಲ್ಲಿ. ಕನಕಪುರದ ಕಡೆ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಗೋಡೆಗಳು ಹೆಚ್ಚು. ಅವುಗಳಲ್ಲಿ ಆಳಕ್ಕೆ ಕೊರೆಯಲಾಗದು. ತೆಳು ಡಬ್ಬಿಯೊಂದನ್ನು ಕೂರಿಸಿ, ಜಾಯಿಂಟುಗಳಿಗೆ ಜಾಗ ಸಾಲದಾದಾಗ ಉಂಗುರವನ್ನು ಹೊರಕ್ಕೆ ಏರಿಸುತ್ತಿದ್ದರು. ಅಲ್ಲಿ ಅದರ ಹೆಸರು ‘ಮೇಲ್ಕಟ್ಟು’. ಉಂಗುರದ ಪಕ್ಕದಲ್ಲಿ ತೂತಿದ್ದರೆ, ಗೋಡೆ ಒಡೆಯದೆ ಅಲ್ಲಿಂದಲೇ ಹೊರಪೈಪು ಎಳೆದು ಇನ್ನೊಂದು ಪಾಯಿಂಟು ಕೊಡಲೂ ಅನುಕೂಲ. ಮಾಗಡಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. “ಅದೇ ಕಣಣ್ಣ, ಅದು,” ಎಂದು ಗಾಳಿಯಲ್ಲಿ ಬೆರಳು ಸುತ್ತಿ ತೋರಿಸುತ್ತಿದ್ದರು. ಅಂಗಡಿಯವನು ಒಮ್ಮೊಮ್ಮೆ ಒಳಗೆ ಹೋಗಿ ಇಡ್ಲಿ ತಟ್ಟೆ ತಂದದ್ದೂ ಉಂಟು. ಚನ್ನಪಟ್ಟಣದಲ್ಲಿ ಇದಕ್ಕಿದ್ದ ಹೆಸರು ‘ಬಳೆ’. ಈ ಬರಹದ ಮುಖ್ಯ ಸಂಗತಿ ಸದರಿ ಬಳೆಯದೇ ಆಗಿರುತ್ತದೆ.

ನನ್ನ ಗುತ್ತಿಗೆದಾರರ ಹೆಸರು ಶಿವರುದ್ರಪ್ಪನವರು. ಬೆಳಿಗ್ಗೆ ಹಣೆಯ ತುಂಬ ವಿಭೂತಿ ಧರಿಸಿ, ನಮ್ಮೆಲ್ಲರಿಗೂ ಬೈಗುಳದಿಂದಲೇ ದಿನ ಆರಂಭಿಸಿಕೊಡುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಇದು:

“ಲೋ ಪುಟ್ಟಸ್ವಾಮಿ, ಗಾರೆಯೋನು ಬೈದ್ರೆ ಬೈಸ್ಕೋ, ಮನೆಯೋನು ಬೈದ್ರೂ ಬೈಸ್ಕೋ. ಡಬ್ಬಿ ಬಾಯಿ ಮಾತ್ರ ಒಳಕ್ಕೆ ಬುಟ್ಟು ಬರ್ಬ್ಯಾಡ ಕಣ್ಲಾ.”

ಅವರ ಈ ಮಾತಿನ ತೂಕ ನನಗೆ ತಿಳಿದದ್ದು ರಾಮನಗರದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ. ಗೂಡು ಬೇಯಿಸುವ ಬಾನಿಗಳಿಂದ ಹಗಲೆಲ್ಲ ಹಬೆ ಏಳುತ್ತಿತ್ತು. ಒಂದು ಬೋರ್ಡಿನ ಹಿಂದೆ ಎರಡು ಬೆರಳಷ್ಟು ಸಂದು ಬಿಟ್ಟು ಯಾರೋ ಕೈ ತೊಳೆದುಕೊಂಡಿದ್ದರು. ಹಬೆ ಆ ಸಂದಿಗೆ ನುಗ್ಗಿ, ತಣ್ಣಗಾಗಿ, ನೀರಾಗಿ, ಗೋಡೆಯ ಮೇಲೆ ಇಳಿಯುತ್ತಿತ್ತು. ಒದ್ದೆ ಕೈಯ ಹೆಂಗಸೊಬ್ಬಳು ಗೋಡೆಗೆ ಒರಗಿದವಳು ಅಂಟಿಕೊಂಡಂತೆ ನಿಂತುಬಿಟ್ಟಳು. ಪಕ್ಕದಲ್ಲಿದ್ದವಳು ಮರದ ಮಣೆಯಿಂದ ತಳ್ಳಿದ್ದರಿಂದ ಆಕೆ ಬದುಕಿದಳು. ನಾನು ಬೋರ್ಡು ಬಿಚ್ಚಿ ನೋಡಿದಾಗ ಒಳಗೆ ರೇಷ್ಮೆಯ ನವಿರು ಎಳೆಗಳು ಗುಬ್ಬಚ್ಚಿ ಗೂಡಿನಂತೆ ತುಂಬಿದ್ದವು. ಆ ದಿನದಿಂದ ಮುಚ್ಚಿದ ಬೋರ್ಡು ಎಂದರೆ ನನಗೆ ಹೆದರಿಕೆ. ತೆರೆದ ತಂತಿಯನ್ನು ಕಣ್ಣು ಕಾಣುತ್ತದೆ, ಕೈ ದೂರ ಸರಿಯುತ್ತದೆ. ಮುಚ್ಚಿದ್ದರ ಹಿಂದೆ ಏನಿದೆ ಎಂಬುದನ್ನು ಮುಚ್ಚಿದವನೇ ಬಲ್ಲ.

ಆ ವರ್ಷಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರೇಷ್ಮೆಗೆ ಒಳ್ಳೆಯ ಕಾಲ. ದನದ ಕೊಟ್ಟಿಗೆ ಇದ್ದವರು ಕೊಟ್ಟಿಗೆಯನ್ನೂ, ಪಡಸಾಲೆ ಇದ್ದವರು ಪಡಸಾಲೆಯನ್ನೂ ಹುಳುಮನೆ ಮಾಡಿದರು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಲು ಅನುಕೂಲವಾಗಲೆಂದು ಮಣ್ಣಿನ ಗೋಡೆಗಳಿಗೆ ದಪ್ಪ ಸಿಮೆಂಟು ಗಾರೆ ಬಳಿಸಿದರು. ಹಳೆಯ ಡಬ್ಬಿಗಳೆಲ್ಲ ಒಮ್ಮೆಲೇ ಒಳಗೆ ಹೋದವು. ಎಲ್ಲ ಕಡೆಯಿಂದಲೂ ಕಾಲರ್ ಬೇಕೆಂಬ ಬೇಡಿಕೆ. ಬೆಂಗಳೂರಿನಿಂದ ಬರಬೇಕಾದ ಕಬ್ಬಿಣದ ಕಾಲರ್ ಬರಲೇ ಇಲ್ಲ.

ಆಗ ಚನ್ನಪಟ್ಟಣದ ಕಡೆ ಕೆಲಸ ಮಾಡುತ್ತಿದ್ದ ನಮ್ಮ ಇನ್ನೊಂದು ತಂಡದವರು ಒಂದು ಉಪಾಯ ಕಂಡುಕೊಂಡರು. ಆ ಊರಿನಲ್ಲಿ ಮರದ ಬೊಂಬೆ ಕಡೆಯುವವರಿಗೆ ಏನು ಕೊರತೆ? ಗುಂಡು ಡಬ್ಬಿಯ ಅಳತೆ ಕೊಟ್ಟರೆ, ಹಾಲೆ ಮರದಲ್ಲಿ ಉಂಗುರ ಕಡೆದು, ಬಣ್ಣದ ಅರಗು ಹಚ್ಚಿ, ಕನ್ನಡಿಯಂತೆ ಹೊಳೆಯಿಸಿ ಕೊಡುತ್ತಿದ್ದರು. ಗೋಡೆಯ ಮೇಲೆ ಕೆಂಪು, ಹಳದಿ ಬಳೆ. ಮನೆಯವರಿಗೆ ಬಹಳ ಸಂತೋಷ. ನಾನೊಮ್ಮೆ ಉಂಗುರ ತರಲು ಹೋಗಿದ್ದಾಗ, ಅವನ್ನು ಕಡೆಯುತ್ತಿದ್ದ ಖಾದರ್ ಸಾಹೇಬರು ಯಂತ್ರ ನಿಲ್ಲಿಸಿ ನಕ್ಕರು.

“ಏನ್ ಸಾಮೀ ಇದು? ನಾನು ಮಗು ಬಾಯಿಗೆ ಇಟ್ಕೊಳ್ಳೋ ಗಿಲಕಿ ಮಾಡೋನು. ನೀವು ಅದನ್ನ ಕರೆಂಟಿಗೆ ತೊಡಿಸ್ತೀರಿ. ನಮ್ಮಿಬ್ರಲ್ಲಿ ಮಗು ಯಾರು, ಹೇಳಿ.”

ನಾನೂ ನಕ್ಕೆ. ಅರಗು ಎಂದರೆ ಬಿಸಿಗೆ ಕರಗುವ ವಸ್ತುವೇ. ಯಂತ್ರದ ಮೇಲೆ ಮರ ತಿರುಗುವ ಬಿಸಿಗೆ ಕರಗಿಯೇ ಅದು ಮರಕ್ಕೆ ಹತ್ತುವುದು. ಇದನ್ನು ಆ ಊರಿನ ಮಕ್ಕಳೂ ಬಲ್ಲರು. ಲೈಟಿನ ಸಣ್ಣ ಪಾಯಿಂಟಿಗೆ ಬಳೆ ಹಾಕಿದರೆ ತಡೆದೀತು. ಆದರೆ ಮಾಗಿ ಚಳಿ ಬಂದೊಡನೆ ಹುಳುಮನೆಗಳಲ್ಲಿ ಕೆಂಪಗೆ ಕಾಯುವ ಕಾಯಿಲ್ ಒಲೆಗಳನ್ನು ಅದೇ ಪಾಯಿಂಟುಗಳಿಗೆ ಸಿಕ್ಕಿಸಲಾರಂಭಿಸಿದರು. ಒಲೆ ಎಳೆಯುವ ಕರೆಂಟಿಗೆ ಪ್ಲಗ್ಗಿನ ಬೆನ್ನು ಕಾಯುತ್ತದೆ; ಬೆನ್ನು ಕಾದರೆ ಬಳೆ ಕಾಯುತ್ತದೆ.

ಒಂದು ಬೆಳಿಗ್ಗೆ ಶಿವರುದ್ರಪ್ಪನವರು ಕಪ್ಪಗೆ ಸುಟ್ಟ ಬಳೆಯೊಂದನ್ನು ಮೇಜಿನ ಮೇಲಿಟ್ಟು ಕೂತಿದ್ದರು. ಅಂದು ಅವರು ಬೈಯಲಿಲ್ಲ. ಅದರಿಂದಲೇ ನನಗೆ ಭಯವಾಯಿತು.

“ಚನ್ನಪಟ್ನದ ಒಂದ್ ಮನೇಲಿ ಬಿಚ್ಚಿದ್ದು. ಪುಣ್ಯಕ್ಕೆ ವಾಸ್ನೆ ಹಿಡ್ದು ಎದ್ರಂತೆ. ಆ ಕಡೆ ಒಲೆ ಪಾಯಿಂಟಿಗೆ ಹಾಕಿರೋ ಬಳೆ ಒಂದೂ ಗೋಡೇಲಿ ಇರ್ಬಾರ್ದು ಕಣೋ. ನೀನೇ ಹೋಗು. ಕಬ್ಬಿಣದ್ದು ಈಗ ಬಂದೈತೆ, ತಗಂಡೋಗು.”

ಅದರಂತೆ ಸೈಕಲ್ಲಿನ ಹಿಂದೆ ಕಬ್ಬಿಣದ ಕಾಲರ್‌ಗಳ ಚೀಲ ಕಟ್ಟಿಕೊಂಡು ಮನೆಯಿಂದ ಮನೆಗೆ ಹೊರಟೆ. ಹೋದ ಕಡೆಯಲ್ಲೆಲ್ಲ ಬಳೆ ತೆಗೆದು ನೋಡಿದಾಗ, ಹೊರಗೆ ಹೊಳಪು, ಒಳಗೆ ಮಸಿ. ಮುಂದಿನ ಮನೆಗೆ ನಾನು ತಲುಪುವ ಹೊತ್ತಿಗೆ ಹೇಗಿರುತ್ತದೋ ಎಂದು ಪೆಡಲು ಜೋರಾಗಿ ತುಳಿಯುತ್ತಿದ್ದೆ.

ದೊಡ್ಡಮಳೂರಿನ ಆಚೆ, ಹಿಪ್ಪುನೇರಳೆ ತೋಟದ ನಡುವೆ ಇದ್ದ ಮಾದೇಗೌಡರ ಮನೆಗೆ ನಾನು ಬಂದದ್ದು ಹೀಗೆ. ಹಟ್ಟಿಯ ಮುಂದೆಯೇ ಅವರು ನನ್ನನ್ನು ತಡೆದರು. ಹುಳು ಸಾಕುವ ಮನೆಯಲ್ಲಿ ಬಂದವರಿಗೆ ಕೇಳುವ ಮೊದಲ ಪ್ರಶ್ನೆ ನೀರು ಬೇಕೇ ಎಂದಲ್ಲ.

“ಯಾವ್ ಮನೆಯಿಂದ ಬಂದ್ರಿ ಸ್ವಾಮಿ?”

ಸುಳ್ಳು ಹೇಳುವಂತಿರಲಿಲ್ಲ. ಅದಕ್ಕೂ ಮುಂಚೆ ನಾನಿದ್ದ ಮನೆಯಲ್ಲಿ ಸುಣ್ಣಕಟ್ಟು ರೋಗ ಬಿದ್ದು, ಹುಳುಗಳು ಸೀಮೆಸುಣ್ಣದ ಚೂರುಗಳಂತೆ ಬಿಳಿಚಿ ಸೆಟೆದಿದ್ದವು. ಅದರ ಧೂಳು ಬಟ್ಟೆಯಲ್ಲಿ ಬಂದರೂ ಸಾಕು, ಇನ್ನೊಂದು ಮನೆಯ ಬೆಳೆ ಹೋದಂತೆಯೇ. ಇದ್ದದ್ದನ್ನು ಹೇಳಿದೆ.

“ಹಂಗಾರೆ ಅಲ್ಲೇ ನಿಂತ್ಕಳಿ. ಹುಳ ನಾಕ್ನೇ ಜ್ವರಕ್ಕೆ ಕೂತವೆ. ಇಂದ್ರ ಬಂದ್ರೂ ಒಳಿಕ್ಕೆ ಬುಡಕ್ಕಿಲ್ಲ.”

ಹುಳು ಪೊರೆ ಬಿಡುವ ಮುನ್ನ ತಿನ್ನದೆ, ಅಲುಗದೆ ಇರುವ ಅವಸ್ಥೆಗೆ ಜ್ವರ ಎನ್ನುತ್ತಾರೆ. ಆಗ ಚಳಿ ತಾಗಬಾರದು, ಗದ್ದಲವಾಗಬಾರದು. ನಾನು ಬಳೆಯ ವಿಷಯ ತಿಳಿಸಿ, ತಾವಾದರೂ ಒಳಗೆ ಹೋಗಿ ನೋಡಬೇಕೆಂದು ಕೋರಿದೆ.

“ನಾನೂ ಬೆಳಗ್ಗೆ ಟೊಮೇಟೊಕ್ಕೆ ಔಷ್ದಿ ಹೊಡ್ದಿವ್ನಿ. ಆ ವಿಷ ಸೋಕಿದ್ರೆ ಹುಳ ಸಾಯ್ತವೆ, ನಾನೂ ಹೋಗಂಗಿಲ್ಲ. ಒಳಗೆ ನಮ್ಮನೆಯವಳು ಒಬ್ಳೇ ಅವ್ಳೆ.”

ನೊಣ ಬಾರದಂತೆ ಬಲೆ ಹೊಡೆದ ಕಿಟಕಿಯ ಹಿಂದೆ ಅವರ ಹೆಂಡತಿ ಚಿಕ್ಕತಾಯಮ್ಮನವರ ಮುಖ ಕಾಣಿಸಿತು. “ಬಳೆ ವಿಷ್ಯವಾ? ಬೆಳಗ್ಗಿಂದ ಒಳಗೆ ಅರಗಿನ್ ವಾಸ್ನೆ ಬತ್ತಾ ಐತೆ ಕಣಣ್ಣ. ನಾನು ಇವ್ರ ಔಷ್ದಿ ಗಬ್ಬೇನೋ ಅಂತಿದ್ದೆ.”

ಒಲೆಯ ಪ್ಲಗ್ಗನ್ನು ಒಣಬಟ್ಟೆಯಲ್ಲಿ ಹಿಡಿದು ಕೀಳಲು ಹೇಳಿದೆ. ಎಳೆದು ನೋಡಿದರು, ಬಿಸಿಗೆ ಹಿಡಿದುಕೊಂಡಿತ್ತು, ಬರಲಿಲ್ಲ. ಸ್ವಿಚ್ಚು ಆರಿಸಿ ಎಂದರೆ, ಅದು ಕೆಟ್ಟು ಬಹಳ ದಿನವಾಗಿ, ನೇರ ಜೋಡಿಸಿಕೊಂಡಿದ್ದರು. ಹಾಗಾದರೆ ಬಿಚ್ಚಿಯೇ ತೆಗೆಯಬೇಕು; ಬಿಚ್ಚುವವರು ಆಕೆಯೊಬ್ಬರೇ.

ಜಗಲಿಯ ಮೀಟರಿನ ಬಳಿ ಹೋಗಿ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಹುಳುಮನೆಯ ಬಲ್ಬು ಆರಿತು. ಸ್ಕ್ರೂಡ್ರೈವರ್, ಟೆಸ್ಟರ್, ಕಬ್ಬಿಣದ ಕಾಲರ್ ಮೂರನ್ನೂ ಹೊಸಲಿನ ಮುಂದಿದ್ದ ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಒರೆಸಿ, ಹೊಸಲ ಮೇಲಿಟ್ಟು ಹಿಂದೆ ಸರಿದೆ. ಆಕೆ ಬಾಗಿಲು ಒಂದಿಷ್ಟೇ ತೆರೆದು ಅವನ್ನು ಒಳಗೆ ತೆಗೆದುಕೊಂಡರು.

“ಎಡಗಡೆ ಸ್ಕ್ರೂ ಮೊದ್ಲು ಬಿಚ್ಚವ್ವ. ಹಿಡಿ ಬುಟ್ಟು ಕಬ್ಬಿಣ ಮುಟ್ಬ್ಯಾಡ,” ಎಂದೆ ಕಿಟಕಿಯಿಂದ, ಮೆಲುದನಿಯಲ್ಲಿ.

“ಬತ್ತಾ ಐತೆ... ಬಂತು. ಅಲ್ಲ ಕಣಣ್ಣ, ಲೈಟು ಹೋಯ್ತು, ಒಲೆ ಯಾಕಿನ್ನೂ ಕೆಂಪಗೇ ಐತೆ? ಆರಕ್ಕೆ ಹೊತ್ತಾಗ್ತದಾ?”

ಕಾಯಿಲ್ ತಣಿಯಲು ಒಂದಷ್ಟು ಹೊತ್ತು ಬೇಕೆಂಬುದು ನಿಜ. ಆದರೆ ಅಷ್ಟರಲ್ಲಿ ಅದು ಕಪ್ಪಿಗೆ ತಿರುಗಿರಬೇಕಾಗಿತ್ತು. ಬಲೆಗೆ ಹಣೆ ಒತ್ತಿ ನೋಡಿದೆ. ಕತ್ತಲ ಕೋಣೆಯಲ್ಲಿ ಒಲೆ ಕೆಂಡದಂತೆ ಉರಿಯುತ್ತಿತ್ತು. ಆಕೆಯ ಸ್ಕ್ರೂಡ್ರೈವರ್ ಎರಡನೆಯ ಸ್ಕ್ರೂವಿನ ಮೇಲಿತ್ತು. ಇನ್ನೊಂದು ಕೈ ಜೋಲುತ್ತಿದ್ದ ಪ್ಲಗ್ಗಿನ ಹಿಂದಕ್ಕೆ ಹೋಗುತ್ತಿತ್ತು.

“ಕೈ ತೆಗಿಯವ್ವಾ!”

ಹುಳುಮನೆಯ ಬಳಿ ಹಾಗೆ ಕೂಗಬಾರದು. ಕೂಗಿದೆ. ಆಕೆ ಹಿಂದಕ್ಕೆ ಹಾರಿದರು. ನಾನು ಮಾದೇಗೌಡರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

“ಗೌಡ್ರೇ, ಆ ಡಬ್ಬಿಗೆ ಇನ್ನೊಂದು ಲೈನ್ ಎಲ್ಲಿಂದ ಬಂದೈತೆ?”

“ಪಂಪಿನ್ ಮನೆಯಿಂದ,” ಎಂದರು ಕೇಳಿಸದಷ್ಟು ಮೆಲ್ಲಗೆ. “ಮನೆ ಲೈನ್ಗೆ ಒಲೆ ಹಚ್ಚಿದ್ರೆ ಫ್ಯೂಸ್ ಹಾರ್ತಿತ್ತು. ಬಳೆ ಹಾಕ್ದಾಗ ಡಬ್ಬೀಲಿ ಜಾಗ ಆಯ್ತಲ್ಲ ಸ್ವಾಮಿ, ಒಂದ್ ತಂತಿ ಒಳಗೆ ಬುಟ್ಕಂಡೆ.”

ಉಂಗುರ ಏರಿಸಿದರೆ ಡಬ್ಬಿಯಲ್ಲಿ ಜಾಗವಾಗುತ್ತದೆ. ಜಾಗವಾದರೆ ಅಲ್ಲಿಗೆ ಏನಾದರೂ ಬಂದು ಸೇರುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಬಳೆ. ಇದನ್ನು ತಾವು ವಿಶೇಷವಾಗಿ ಗಮನಿಸತಕ್ಕದ್ದು.

ಪಂಪಿನ ಮನೆ ತೋಟದ ಆಚೆ ತುದಿಯಲ್ಲಿ, ಏರಿಯ ಮರೆಯಲ್ಲಿತ್ತು. “ಮೇನ್ ಆರ್ಸಿದ್ರೆ ಸಾಲ್ದು, ಫ್ಯೂಸ್ ಮೂರೂ ಕಿತ್ಕಂಡು ಕೈಯಲ್ಲಿ ಹಿಡ್ಕಂಡೇ ಬರ್ಬೇಕು,” ಎಂದೆ. ಮಾದೇಗೌಡರು ಪಂಚೆ ಎತ್ತಿ ಕಟ್ಟಿ ಓಡಿದರು. ಹಿಪ್ಪುನೇರಳೆ ಗಿಡಗಳು ಅವರನ್ನು ಮುಚ್ಚಿಕೊಂಡವು.

ಅಷ್ಟರಲ್ಲಿ ಬಳೆಯ ಸುತ್ತಿನಿಂದ ಹೊಗೆಯ ಎಳೆಯೊಂದು ಕಾಣಿಸಿತು. ಕೆಂಪು ಅರಗು ಕರಗಿ ಬಿಳಿ ಗೋಡೆಯ ಮೇಲೆ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ ಬಿದಿರಿನ ತಟ್ಟೆಗಳ ಅಂತಸ್ತು. ಒಣ ಬಿದಿರು, ಹಾಸಿದ ಕಾಗದ, ಒಣಗಿದ ಸೊಪ್ಪಿನ ಕಡ್ಡಿ.

“ಅವ್ವಾ, ಆಚೆ ಬಂದ್ಬುಡು.”

“ಹುಳ ಬುಟ್ಟು ಎಲ್ಲಿಗ್ ಬರ್ಲಿ? ಒದ್ದೆ ಗೋಣಿ ಐತೆ, ಅದ್ರ ಮ್ಯಾಲೆ ಹಾಕ್ಬುಡ್ಲಾ?”

“ಬ್ಯಾಡ! ನೀರು ಸೋಕಿಸ್ಬ್ಯಾಡ!”

“ಮುಟ್ಬ್ಯಾಡ, ಸೋಕಿಸ್ಬ್ಯಾಡ, ನಿಂತ್ಕ! ಇದನ್ ಹೇಳಕ್ಕಾ ನೀನು ರಾಮನಗರದಿಂದ ಬಂದಿದ್ದು?” ಎಂದು ಆಕೆ ರೇಗಿದರು. ಆದರೂ ತಟ್ಟೆಗಳನ್ನು ಒಂದೊಂದಾಗಿ, ಹುಳು ಅಲುಗದಂತೆ ಎತ್ತಿ, ಎದುರು ಗೋಡೆಗೆ ಸಾಗಿಸತೊಡಗಿದರು.

ನನ್ನ ಕೈ ಬಾಗಿಲಿನ ಮೇಲಿತ್ತು. ತಳ್ಳಿದರೆ ಎರಡು ಹೆಜ್ಜೆಯಲ್ಲಿ ನಾನು ಒಳಗೆ. ಆದರೆ ನನ್ನ ಅಂಗಿಯ ಮಡಿಕೆಯಲ್ಲಿ ಬೇರೊಂದು ಮನೆಯ ಸುಣ್ಣಕಟ್ಟು ಇತ್ತು. ಹೋಗದಿದ್ದರೆ ಬೆಂಕಿ, ಹೋದರೆ ರೋಗ. ಬೆಂಕಿ ಹತ್ತಿದ ಕ್ಷಣಕ್ಕೆ ಒಳಗೆ ನುಗ್ಗಿ ಆಕೆಯನ್ನು ಎಳೆದು ತರುವುದು ಎಂದು ನಿಶ್ಚಯಿಸಿಕೊಂಡು, ಹೊಗೆಯ ಆ ಎಳೆ ದಪ್ಪವಾಗುತ್ತದೆಯೇ ಎಂದು ನೋಡುತ್ತ ನಿಂತೆ.

ಒಲೆಯ ಕೆಂಪು ಮಾಸಿತು. ನೋಡನೋಡುತ್ತ ಕಪ್ಪಾಯಿತು.

“ಆರೋಯ್ತು ಕಣಣ್ಣ! ಈಗ ಮುಟ್ಲಾ?”

ಹೌದೆನ್ನಲು ಬಾಯಿ ತೆರೆದವನು ತಡೆದುಕೊಂಡೆ. ಮಾದೇಗೌಡರು ಫ್ಯೂಸು ಕಿತ್ತರೋ, ಅಥವಾ ದಿನಕ್ಕೆ ನಾಲ್ಕಾರು ಸಲ ಹೋಗುವಂತೆ ಊರಿನ ಕರೆಂಟೇ ಹೋಯಿತೋ? ನಿಂತಲ್ಲಿಂದ ಪಂಪಿನ ಮನೆ ಕಾಣುತ್ತಿರಲಿಲ್ಲ. ಮನೆಯ ಲೈನನ್ನು ನಾನೇ ಕಡಿತಗೊಳಿಸಿದ್ದರಿಂದ ಬಲ್ಬು ನೋಡಿ ತಿಳಿಯುವಂತೆಯೂ ಇರಲಿಲ್ಲ. ಟೆಸ್ಟರ್ ಇತ್ತು. ಆದರೆ ಟೆಸ್ಟರ್ ಹತ್ತದಿದ್ದರೆ ಈಗ ಕರೆಂಟು ಇಲ್ಲವೆಂದಷ್ಟೇ ಅರ್ಥ. ಮರುಗಳಿಗೆಗೆ ಬರುವುದಿಲ್ಲವೆಂದು ಅದು ಹೇಳಲಾರದು.

“ಒಸಿ ತಡಿಯವ್ವ.”

“ಹೊಗೆ ನಿಂತಿಲ್ಲ ಕಣಣ್ಣ. ಮುಟ್ಲಾ ಬ್ಯಾಡ್ವಾ, ಒಂದ್ ಮಾತ್ ಹೇಳು!”

“ಅವ್ರು ಬರ್ಲಿ. ಅವ್ರ ಕೈ ನೋಡಿ ಹೇಳ್ತೀನಿ.”

ಮರ ಒಳಗೊಳಗೇ ಹೊಗೆಯುತ್ತಿತ್ತು. ಕಾಯುವುದು ತಪ್ಪೋ, ಹೇಳುವುದು ತಪ್ಪೋ ಎಂದು ತಿಳಿಯದೆ ನಾನು ಏರಿಯ ಕಡೆಗೊಮ್ಮೆ, ಕಿಟಕಿಯ ಕಡೆಗೊಮ್ಮೆ ನೋಡುತ್ತಿದ್ದೆ. ಕೊನೆಗೆ ಗಿಡಗಳು ಅಲುಗಿದವು. ಮಾದೇಗೌಡರು ಎರಡೂ ಮುಷ್ಟಿಗಳನ್ನು ಎದೆಗೊತ್ತಿಕೊಂಡು ಓಡಿ ಬಂದು, ನನ್ನ ಮುಂದೆ ಬಿಚ್ಚಿ ತೋರಿಸಿದರು. ಪಿಂಗಾಣಿಯ ಫ್ಯೂಸುಗಳು ಮೂರೂ ಇದ್ದವು.

“ನಾನ್ ಹೋಗೋಷ್ಟೊತ್ಗೇ ಕರೆಂಟ್ ಹೋಗಿತ್ತು ಸ್ವಾಮಿ,” ಎಂದರು ಏದುಸಿರಿನ ನಡುವೆ. “ಆದ್ರೂ ನೀವ್ ಹೇಳಿದ್ರಲ್ಲ ಅಂತ ಕಿತ್ಕಂಬಂದೆ.”

ನಾನು ಕಿಟಕಿಗೆ ತಿರುಗಿ, “ಮುಟ್ಟವ್ವ,” ಎಂದೆ.

ಆಕೆ ಮುಟ್ಟಿದರು. ಎರಡನೆಯ ಸ್ಕ್ರೂ ಬಂತು. ಪ್ಲಗ್ಗಿನೊಂದಿಗೆ ಬಳೆಯೂ ಕಳಚಿ ಬಂತು. ಒಳಗಿನ ಅಂಚು ಇದ್ದಿಲಾಗಿ ಕೆಂಪು ಚುಕ್ಕೆಗಳು ಓಡಾಡುತ್ತಿದ್ದವು. ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟರು. ಡಬ್ಬಿಯೊಳಗೆ ಕೈ ಹಾಕಿ, ನಾನು ಹೇಳಿದಂತೆ, ಸಿಪ್ಪೆ ಸುಟ್ಟ ತಂತಿಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬರಿಗೈ, ಬರಿ ತಾಮ್ರ.

ಆಗ ತೋಟದ ಆಚೆಯಿಂದ ಒಂದು ಸದ್ದು ಕೇಳಿಸಿತು. ಮೊದಲು ಗೊರಗೊರ, ಆಮೇಲೆ ಒಂದೇ ಸಮನೆ ಗುಂಯ್ ಎಂದು. ಪಕ್ಕದ ಹೊಲದವರ ಪಂಪ್‌ಸೆಟ್ಟು, ತಾನಾಗಿ ಹತ್ತುವಂಥದ್ದು. ಊರಿಗೆ ಕರೆಂಟು ಬಂದಿತ್ತು.

ಆಕೆಯ ಬೆರಳುಗಳು ಪಂಪಿನ ಲೈನಿನ ತಂತಿಯ ಮೇಲೇ ಇದ್ದವು. ಮಾದೇಗೌಡರು ತಮ್ಮ ಅಂಗೈಯ ಫ್ಯೂಸುಗಳನ್ನು ನೋಡಿದರು, ಕಿಟಕಿ ನೋಡಿದರು, ನಿಂತಲ್ಲಿಯೇ ಕುಸಿದು ಕೂತರು.

“ಪಕ್ಕದೋರ ಮೋಟ್ರು ಹತ್ಕಂತು,” ಎಂದರು ಆಕೆ ಕತ್ತಲೊಳಗಿನಿಂದ. ತಂತಿಯನ್ನು ಬಿಡದೆ, “ಮುಂದಿಂದ್ ಹೇಳಣ್ಣ,” ಎಂದರು.

ಹೇಳಿದೆ. ಪಂಪಿನ ತಂತಿಯ ತುದಿಗೆ ಟೇಪು ಸುತ್ತಿ ಗೋಡೆಯಿಂದಾಚೆಗೆ ಹೊರದೂಡಿದರು. ಕಬ್ಬಿಣದ ಕಾಲರ್ ಕೂರಿಸಿ, ಅರ್ತ್ ತಂತಿಯನ್ನು ಅದರ ಸ್ಕ್ರೂವಿಗೆ ಸುತ್ತಿ ಬಿಗಿದರು. ಕೆಲಸ ಮುಗಿಸಿ ಕಿಟಕಿಗೆ ಬಂದಾಗ ಬೆವರಿನಲ್ಲಿ ಕೂದಲು ಹಣೆಗೆ ಅಂಟಿತ್ತು.

“ಹುಳ ಜ್ವರ ಬುಟ್ಟು ಏಳ್ತಾ ಅವೆ. ಇದ್ದಲು ಒಲೆ ಹಚ್ಚಿ ಹೊಸಲ ಮ್ಯಾಲೆ ಮಡಗಕ್ಕೇಳು ಇವ್ರಿಗೆ. ಸೊಪ್ಪು ಹಾಕ್ಬೇಕು.”

ಮಾದೇಗೌಡರು ಏಳಲಿಲ್ಲ. ನಾನೇ ಬಗ್ಗಿ, “ಗೌಡ್ರೇ, ಫ್ಯೂಸ್ ಕೊಡಿ. ಪಂಪಿಗೆ ಹಾಕ್ಬತ್ತೀನಿ,” ಎಂದೆ.

ಅವರು ಮುಷ್ಟಿಗಳನ್ನು ಇನ್ನಷ್ಟು ಬಿಗಿದರು. “ಇವತ್ತು ಬ್ಯಾಡ ಸ್ವಾಮಿ,” ಎಂದರು. “ಅವ್ಳು ಆಚೆಗ್ ಬರೋಗಂಟ ಬ್ಯಾಡ.”

ನಾನು ಒತ್ತಾಯಿಸಲಿಲ್ಲ. ನನ್ನ ಜೇಬಿನಲ್ಲಿದ್ದ ಮನೆಯ ಫ್ಯೂಸು ಹಾಕಲು ಯಾವ ಅಡ್ಡಿಯೂ ಇರಲಿಲ್ಲ, ಎಲ್ಲವೂ ಸರಿಯಾಗಿತ್ತು. ಜಗಲಿ ಹತ್ತಿ ಮೀಟರಿನ ಮುಂದೆ ನಿಂತೆ. ಕೈ ಮೇಲೇಳಲಿಲ್ಲ. ಅದನ್ನು ಮೀಟರಿನ ಹಲಗೆಯ ಮೇಲೆ ಇಟ್ಟು ಕೆಳಗಿಳಿದೆ. ಆ ಸಂಜೆ ಆ ಮನೆಯಲ್ಲಿ ಹುಳುಗಳಿಗೆ ಎಣ್ಣೆ ದೀಪದ ಬೆಳಕಿನಲ್ಲಿಯೇ ಸೊಪ್ಪು ಹಾಕಿದರು.